ಇಸ್ತ್ರಿಯಕ್ಕನ ಗಂಡನಿಗೆ ಬಾರದ ಹರ್ನಿಯಾ

ಗಂಡಸರ ಧೈರ್ಯದ ವಿಷಯದಲ್ಲಿ ಇಸ್ತ್ರಿಯಕ್ಕನಿಗೆ ಯಾವ ಭ್ರಮೆಯೂ ಇರಲಿಲ್ಲ. ಲಾಂಡ್ರಿಯ ಉದ್ದನೆಯ ಮೇಜಿನ ಹಿಂದೆ ನಿಂತು, ಆ ಬೀದಿಯ ಗಂಡಸರೆಲ್ಲರ ಅಂಗಿಗಳನ್ನು ಹಗಲೆಲ್ಲ ಒತ್ತುತ್ತಿದ್ದವಳು ಅವಳು. ಎದೆಯುಬ್ಬಿಸಿ ನಡೆಯುವವನ ಕಾಲರಿನ ಒಳಮೈ ಎಷ್ಟು ಹರಿದಿದೆ, ಮೇಲಧಿಕಾರಿಯನ್ನು ಮುಖದೆದುರೇ ಬೈದು ಬಂದೆನೆಂದು ಕೊಚ್ಚಿಕೊಳ್ಳುವವನ ಕಂಕುಳು ಎಷ್ಟು ಬೆವೆತಿತ್ತು ಎಂಬುದೆಲ್ಲ ಅವಳಿಗೆ ಗೊತ್ತು.

“ಬಿಚ್ಚಿಟ್ಟ ಮೇಲೆ ಎಲ್ಲರ ಅಂಗೀನೂ ಒಂದೇ ಕಣಮ್ಮಾ. ಬಿದ್ದ ಗುಂಡಿ ಹೊಲಿಯೋಕೆ ಸೂಜಿ ಮುಟ್ಟಲಾರದವರು ಲೋಕ ಆಳ್ತಾರಂತೆ” ಎಂದು ಪಕ್ಕದಲ್ಲಿ ಬಟ್ಟೆ ಮಡಿಸುವ ಹೆಂಗಸಿಗೆ ಹೇಳುವಳು.

ಸೂಜಿಯ ಮಾತು ಬಂದಾಗ ಅವಳ ಮನಸ್ಸಿನಲ್ಲಿದ್ದವನು ಅವಳ ಗಂಡನೇ. ಅವನು ಗಾಜಿನ ಮಳಿಗೆಯಲ್ಲಿ ಹೊರುವವನು. ಆಳಿಗಿಂತ ಎತ್ತರದ ಗಾಜಿನ ಹಲಗೆಯನ್ನು ಜೋಡಿಯವನೊಬ್ಬನ ಸಂಗಡ ಹಿಡಿದು, ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಏರಿಸಿ, ಚೌಕಟ್ಟಿಗೆ ಕೂರಿಸಿ ಬರುವುದು ಅವನ ಕಸುಬು. ಮುಂಗೈ ತುಂಬ ಹಳೆಯ ಗೀರುಗಳು. ಒಮ್ಮೆ ಅಂಗೈ ಸೀಳಿಹೋದಾಗಲೂ ಹಲಗೆಯನ್ನು ಇಳಿಸಿದ ಮೇಲೆಯೇ ಅಯ್ಯೋ ಎಂದಿದ್ದನಂತೆ. ಅಂಥವನು ಚುಚ್ಚುಮದ್ದಿನ ಸೂಜಿಯನ್ನು ಕಂಡರೆ ಗೋಡೆ ಹಿಡಿದುಕೊಳ್ಳುತ್ತಿದ್ದ.

ಎರಡನೆಯ ಮಗಳು ಹುಟ್ಟುವಾಗ ಇಸ್ತ್ರಿಯಕ್ಕ ಸತ್ತು ಬದುಕಿದ್ದಳು. ಇನ್ನೊಂದು ಬಸುರು ಬೇಡವೇ ಬೇಡವೆಂದು ವೈದ್ಯೆ ಕಡ್ಡಿ ಮುರಿದಂತೆ ಹೇಳಿದ್ದರು. ಹೊಟ್ಟೆ ಆಗಲೇ ಎರಡು ಸಲ ಕೊಯ್ಯಿಸಿಕೊಂಡಿದೆ, ಒಳಗೆಲ್ಲ ಅಂಟಿಕೊಂಡಿದೆ, ಇವಳಿಗೆ ಮತ್ತೆ ಕತ್ತರಿ ಹಾಕುವುದಕ್ಕಿಂತ ಗಂಡನಿಗೆ ಸಂತಾನಹರಣದ ಆಪರೇಷನ್ ಮಾಡುವುದೇ ಹಗುರ ಎಂದರು.

“ಮಾಡ್ಬಿಡಿ ಮೇಡಂ, ನನಗೇನು ಭಯ!” ಎಂದು ಅವನು ಮೇಜು ಕುಟ್ಟಿ ಹೇಳಿದ. ಆ ಶೌರ್ಯ ಆಸ್ಪತ್ರೆಯ ಗೇಟಿನವರೆಗೆ ಬಾಳಿಕೆ ಬಂತು. ಗೇಟು ದಾಟಿದೊಡನೆ ಮುಖದ ರಕ್ತವೆಲ್ಲ ಇಳಿದುಹೋಯಿತು.

“ಶಕ್ತಿ ಹೋಗಿಬಿಡುತ್ತಂತಲ್ಲೇ” ಎಂದ.

“ಯಾರ್ರೀ ಹೇಳಿದ್ದು?”

“ಎಲ್ಲರೂ ಹೇಳ್ತಾರೆ.”

“ಆ ಎಲ್ಲರಲ್ಲಿ ಮಾಡಿಸ್ಕೊಂಡವರು ಎಷ್ಟು ಜನ?”

ಅವನು ಲೆಕ್ಕ ಹಾಕುವವನಂತೆ ಆಕಾಶ ನೋಡಿದ. ಒಬ್ಬನೂ ಸಿಕ್ಕಲಿಲ್ಲ.

ಬೈದು ಬಿಟ್ಟುಬಿಡುವ ಜಾತಿಯಲ್ಲ ಇಸ್ತ್ರಿಯಕ್ಕ. ಅವನ ಹೊಟ್ಟೆಯೊಳಗೆ ನೂರು ಪ್ರಶ್ನೆಗಳು ಕುದಿಯುತ್ತಿವೆ, ಪ್ರಾಣ ಹೋದರೂ ಅವನು ಕೇಳುವವನಲ್ಲ ಎಂದು ಅವಳಿಗೆ ತಿಳಿದಿತ್ತು. ಮತ್ತೊಂದು ದಿನ ಅವನನ್ನು ಎಳೆದುಕೊಂಡು ಹೋಗಿ, ವೈದ್ಯೆಯ ಮುಂದೆ ಕೂತು, ಅವನ ಪ್ರಶ್ನೆಗಳನ್ನೆಲ್ಲ ತನ್ನವೇ ಎಂಬಂತೆ ಕೇಳಿದಳು. “ನನಗೊಂದು ದಡ್ಡ ಅನುಮಾನ ಮೇಡಂ. ಇವರು ಭಾರ ಹೊರೋ ಕೆಲಸದವರು, ತೋಳಿನ ಬಲ ಇಳಿಯುತ್ತಾ? ಹೆಂಗಸರ ಹಾಗೆ ದನಿ ಆಗಿಬಿಡುತ್ತಾ? ಆಮೇಲೆ ನನ್ನ ಮೇಲಿನ ಆಸೆ ಹೋಗಿ ಸನ್ಯಾಸಿ ಆಗಿಬಿಟ್ಟರೆ?”

ವೈದ್ಯೆ ಬುದ್ಧಿವಂತೆ. ಉತ್ತರವನ್ನೆಲ್ಲ ಇಸ್ತ್ರಿಯಕ್ಕನ ಮುಖ ನೋಡಿಯೇ ಹೇಳಿದರು. ಬಲವೂ ಇಳಿಯುವುದಿಲ್ಲ, ದನಿಯೂ ಇಳಿಯುವುದಿಲ್ಲ, ಬೀಜ ಹಾಯುವ ದಾರಿಯನ್ನಷ್ಟೇ ಮುಚ್ಚುತ್ತೇವೆ, ಒಂದು ವಾರ ಭಾರ ಎತ್ತದಿದ್ದರೆ ಸಾಕು, ಮೂರು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿ ಸರಿಯಿದೆ ಎನ್ನುವವರೆಗೆ ಮಾತ್ರ ಎಚ್ಚರವಾಗಿರಿ ಎಂದರು. ಗಂಡ ಅತ್ತ ಗೋಡೆಯ ಕ್ಯಾಲೆಂಡರ್ ನೋಡುತ್ತ, ಕಿವಿಯನ್ನು ಮಾತ್ರ ಇತ್ತ ಚಾಚಿದ್ದ. ಹೊರಗೆ ಬಂದ ಮೇಲೆ, “ಏನೇನೋ ಕೇಳಿ ನನ್ನ ಮಾನ ಕಳೆದೆಯಲ್ಲೇ” ಎಂದ. ಆದರೆ ಆ ದಿನ ಊಟ ಸರಿಯಾಗಿ ಮಾಡಿದ.

ಕೊನೆಗೆ ಒಂದು ಷರತ್ತು ಹಾಕಿದ. ಯಾರಿಗೂ ತಿಳಿಯಬಾರದು. ಅಮ್ಮನಿಗೂ ತಿಳಿಯಬಾರದು, ಮಳಿಗೆಯವರಿಗಂತೂ ಸುಳಿವೇ ಸಿಕ್ಕಬಾರದು. “ನಿನ್ನ ಬಾಯಿಂದ ಬರಕೂಡದು. ಹೇಳೋದಾದ್ರೆ ನಾನೇ ಹೇಳ್ತೀನಿ.”

“ಆಯ್ತು ಬಿಡಿ, ನಾನೇನು ಮೈಕು ಕಟ್ಟಿಸ್ತೀನಾ?” ಎಂದು ಅವಳು ಮಾತು ಕೊಟ್ಟಳು. ಆ ಮಾತು ಎಷ್ಟು ದುಬಾರಿಯಾಗುವುದೆಂದು ಆಗ ಅವಳಿಗೆ ತಿಳಿಯಲಿಲ್ಲ.

ಆಪರೇಷನ್ನಿನ ದಿನ ಹಸಿರು ನಿಲುವಂಗಿ ತೊಟ್ಟು ಬಾಗಿಲ ಬಳಿ ನಿಂತ ಗಂಡ, ಶಾಲೆಗೆ ಮೊದಲ ದಿನ ಬಂದ ಮಗುವಿನಂತೆ ಹಿಂದಿರುಗಿ ನೋಡಿದ. “ಇಲ್ಲೇ ಇರ್ತೀಯಾ?”

“ಇನ್ನೆಲ್ಲಿಗೆ ಹೋಗ್ಲಿ? ನಿಮ್ಮನ್ನ ಒಳಗೆ ಬಿಟ್ಟು ಸಿನಿಮಾಕ್ಕಾ? ಹೋಗ್ರೀ ಸಾಕು” ಎಂದು ಗದರಿದಳು. ಅವನ ಬೆರಳುಗಳು ಅವಳ ಅಂಗೈಯನ್ನು ಬಿಡುವವರೆಗೆ ತಾನಾಗಿ ಬಿಡಿಸಿಕೊಳ್ಳಲಿಲ್ಲ.

ತಂದಿಟ್ಟುಕೊಂಡ ಚಹಾ ಆರುವ ಮೊದಲೇ ಅವನು ಹೊರಗೆ ಬಂದ. ಅಷ್ಟು ಬೇಗ ಮುಗಿದುದಕ್ಕೆ ಅವನಿಗೆ ಒಳಗೊಳಗೇ ಅವಮಾನವಾದಂತಿತ್ತು. ಇಷ್ಟು ದಿನ ಹೆದರಿದ್ದಕ್ಕೆ ತಕ್ಕಷ್ಟು ದೊಡ್ಡದಾದ ಏನಾದರೂ ನಡೆಯಬೇಕಿತ್ತಲ್ಲವೇ! ಆ ಕೊರತೆಯನ್ನು ಮನೆಗೆ ಬಂದು ತುಂಬಿಕೊಂಡ. ಮಗ್ಗುಲಾದರೆ ನರಳಿದ, ಎದ್ದರೆ ನರಳಿದ, ಹಿರಿಯ ಮಗಳು ನೀರು ತಂದುಕೊಟ್ಟರೆ ಕಣ್ಣಲ್ಲಿ ನೀರು ತಂದುಕೊಂಡ. ಎರಡು ಸಲ ಹೊಟ್ಟೆ ಕೊಯ್ಯಿಸಿಕೊಂಡು, ಹೊಲಿಗೆ ಆರುವ ಮೊದಲೇ ಒಲೆಯ ಮುಂದೆ ನಿಂತಿದ್ದ ಇಸ್ತ್ರಿಯಕ್ಕ ಈ ಮೆರವಣಿಗೆಯನ್ನು ತುಟಿ ಕೊಂಕಿಸಿ ನೋಡಿದಳು. ನೋಡುತ್ತಲೇ, ಕರಗಿದ ಐಸನ್ನು ಬದಲಿಸಿ, ಬಟ್ಟೆಯಲ್ಲಿ ಸುತ್ತಿ ಮತ್ತೆ ಮತ್ತೆ ತಂದಿಟ್ಟಳು.

ಅಷ್ಟರಲ್ಲಿ ಕೆಳಗಿನ ಮಹಡಿಯಲ್ಲಿದ್ದ ಅತ್ತೆಗೆ ವಾಸನೆ ಹತ್ತಿತು. ಏದುಸಿರು ಬಿಡುತ್ತ ಹತ್ತಿ ಬಂದರು.

“ಏನಾಯ್ತೋ ನನ್ನ ಕಂದಾ? ಆಸ್ಪತ್ರೆಗೆ ಹೋಗಿದ್ದೆಯಂತೆ? ಕಾಲು ಅಗಲಿಸಿ ನಡೆದೆಯಂತೆ?”

ಗಂಡನ ಕಣ್ಣು ಹೆಂಡತಿಯ ಕಡೆ ಹೊರಳಿತು. ಅವಳು ಕೈಕಟ್ಟಿ ನಿಂತಳು. ಹೇಳುವುದಾದರೆ ತಾನೇ ಹೇಳುತ್ತೇನೆ ಎಂದವನಲ್ಲವೇ!

“ಹರ್ನಿಯಾ ಅಮ್ಮಾ” ಎಂದ ಅವನು.

ಹೇಳಿ ಮುಗಿಸಿ, ದೊಡ್ಡ ಗಂಡಾಂತರದಿಂದ ಪಾರಾದವನಂತೆ ದಿಂಬಿಗೆ ಒರಗಿದ. ಅತ್ತೆ ಅಳುತ್ತ ಇಳಿದು ಹೋದರು. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಹರ್ನಿಯಾ ಗೊತ್ತಾಗಿತ್ತು.

ಬೇರೆ ಯಾವ ಕಸುಬಿನವನು ಆ ಸುಳ್ಳು ಹೇಳಿದ್ದರೂ ನಡೆದುಹೋಗುತ್ತಿತ್ತು. ಗಾಜು ಹೊರುವವನು ಹೇಳಬಾರದಿತ್ತು. ಆ ಮಳಿಗೆಯವರಿಗೆ ಹರ್ನಿಯಾ ಎಂದರೆ ಕಸುಬಿನ ಸಾವು. ಹೊಲಿಗೆ ಹಾಕಿಸಿಕೊಂಡು ವಾಸಿಯಾದವರು ಎಷ್ಟೋ ಮಂದಿ ಇದ್ದಾರೆಂದು ಯಾವ ವೈದ್ಯರು ಹೇಳಿದರೂ ಅವರು ನಂಬುವವರಲ್ಲ. ಒಮ್ಮೆ ಹರಿದ ಹೊಟ್ಟೆ ಭಾರಕ್ಕೆ ಮತ್ತೆ ಹರಿಯುತ್ತದೆ, ಹರಿದರೆ ಹಿಡಿತ ತಪ್ಪುತ್ತದೆ, ಹಿಡಿತ ತಪ್ಪಿದರೆ ಹಲಗೆ ಜೋಡಿಯವನ ಮೇಲೆ ಬೀಳುತ್ತದೆ ಎಂಬುದು ಅವರ ಶಾಸ್ತ್ರ. ಹರ್ನಿಯಾ ಆದವನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಪುಟ್ಟಿಯ ಉಂಡೆ ಕೊಟ್ಟರೆಂದರೆ ಮುಗಿಯಿತು, ಅವನು ಸಾಯುವವರೆಗೆ ಕಿಟಕಿಯ ಸಂದಿಗೆ ಮೆತ್ತುವ ಆ ಪುಟ್ಟಿಯನ್ನೇ ನಾದುತ್ತಿರಬೇಕು. ಗಂಡಸುತನ ಉಳಿಸಿಕೊಳ್ಳುವ ಆತುರದಲ್ಲಿ ಈ ಮಹಾನುಭಾವನಿಗೆ ಅದೊಂದೂ ನೆನಪಾಗಲಿಲ್ಲ.

ನೆನಪು ಮಾಡಿಕೊಟ್ಟವನು ಅವನ ಜೋಡಿಯವನೇ. ಹಲಗೆ ಹಿಡಿದಾಗಲೆಲ್ಲ “ಸಾವಕಾಶ, ಸಾವಕಾಶ” ಎನ್ನುತ್ತಿದ್ದ ಅವನಿಗೆ ಮಳಿಗೆಯಲ್ಲಿ ಸಾವಕಾಶಣ್ಣ ಎಂದೇ ಹೆಸರು ಬಿದ್ದಿತ್ತು. ಬ್ರೆಡ್ಡು, ಕಿತ್ತಳೆಹಣ್ಣು ಹಿಡಿದು ನೋಡಲು ಬಂದವನು ಮಂಚದ ಪಕ್ಕ ಕೂತು ಮೂಗೊರೆಸಿಕೊಂಡ.

“ಯಜಮಾನರ ಹತ್ತಿರ ಮಾತಾಡಿದ್ದೀನಿ ಕಣೋ. ಬಿಡಿಸಬೇಡಿ, ಪುಟ್ಟಿಗೆ ಕೂರಿಸಿ ಅಂದೆ. ಒಪ್ಪಿದ್ದಾರೆ. ನನ್ನ ಜೋಡಿಗೆ ಬೇರೆ ಮಳಿಗೆಯಿಂದ ಒಬ್ಬನನ್ನ ಕರೆಸ್ತಾರಂತೆ.”

“ಬೇಡಣ್ಣಾ, ಒಂದು ವಾರ ಕಳೆದ್ರೆ ನಾನೇ...”

“ಸುಮ್ಮನಿರೋ! ಮಕ್ಕಳೊಂದಿಗ ನೀನು.”

ಮಕ್ಕಳೊಂದಿಗ ಎಂಬ ಮಾತಿಗೆ ಇಸ್ತ್ರಿಯಕ್ಕನಿಗೆ ನಗು ಒತ್ತರಿಸಿ ಬಂತು. ಕೆಮ್ಮಿನಲ್ಲಿ ಅದನ್ನು ಮುಚ್ಚಿಕೊಂಡು ಒಳಗೆ ಹೋದಳು.

ಒಂದು ವಾರ ಕಳೆದು ಅವನು ಮಳಿಗೆಗೆ ಹೋದ. ಸ್ಟೂಲು ಸಿದ್ಧವಾಗಿತ್ತು. ಹೊಸ ಜೋಡಿಯವನೂ ಬಂದಿದ್ದ. ಕಂಬದಂಥ ಕುತ್ತಿಗೆ, ಮಾತಿಗೊಮ್ಮೆ ತೋಳು ಮಡಿಸಿ ತಾನೇ ನೋಡಿಕೊಳ್ಳುವ ಅಭ್ಯಾಸ. ಇಸ್ತ್ರಿಯಕ್ಕ ಅವನ ಅಂಗಿಯನ್ನು ಒಮ್ಮೆ ಒತ್ತಿದವಳು, “ತೋಳು ತುಂಬಿದೆ, ತಲೆ ಹಾಕೋ ಜಾಗ ಖಾಲಿ” ಎಂದು ತೀರ್ಪು ಕೊಟ್ಟಳು. ಆದರೆ ತೀರ್ಪು ಕೇಳುವವರಾರು? ಇವನಿಗೂ ಸಾವಕಾಶಣ್ಣನಿಗೂ ಕೈ ಕೂಡಿದರೆ ಜೋಡಿಯನ್ನು ಖಾಯಂ ಮಾಡುವುದಾಗಿ ಯಜಮಾನರು ಹೇಳಿದ್ದರು.

ಗಂಡ ದಿನದಿನಕ್ಕೆ ಇಳಿದುಹೋದ. ಪುಟ್ಟಿಯ ಎಣ್ಣೆ ಮೆತ್ತಿದ ಬೆರಳುಗಳನ್ನು ಬಚ್ಚಲಲ್ಲಿ ಎಷ್ಟೋ ಹೊತ್ತು ತಿಕ್ಕುತ್ತಿದ್ದ. ಇತ್ತ ಮನೆಯಲ್ಲಿ ಅತ್ತೆಯ ಆಳ್ವಿಕೆ. ಮಗ ನೀರಿನ ಕೊಡ ಮುಟ್ಟಕೂಡದು, ಕುರ್ಚಿ ಸರಿಸಕೂಡದು, ಕಿರಿಯ ಮಗಳನ್ನು ಎತ್ತಿಕೊಳ್ಳಕೂಡದು. ಎಲ್ಲವನ್ನೂ ಸೊಸೆಯೇ ಎತ್ತಬೇಕು. ಎತ್ತುವುದಲ್ಲದೆ ಬೈಗುಳವನ್ನೂ ಹೊರಬೇಕು.

“ಈ ವಯಸ್ಸಿಗೆ ಹೊಟ್ಟೆ ಹರಿಯೋಕೆ ಏನೇನು ಎತ್ತಿಸಿದೆಯೋ ನನ್ನ ಮಗನ ಕೈಲಿ!” ಎಂದು ಅತ್ತೆ ಮೆಟ್ಟಿಲ ಮೇಲೆ ನಿಂತು, ಎರಡೂ ಮಹಡಿಗೆ ಕೇಳುವಂತೆ ಹೇಳಿದರು. “ಬೀರು ಅಲ್ಲಿಡಿ, ಮಂಚ ಇಲ್ಲಿಡಿ ಅಂತ ಒಂದೇ ಸಮ ಕುಣಿಸಿದ್ದೇ ಕುಣಿಸಿದ್ದು.”

ನಾಲಿಗೆಯ ತುದಿಗೆ ಬಂದದ್ದನ್ನು ಇಸ್ತ್ರಿಯಕ್ಕ ಉಗುಳಿನೊಡನೆ ನುಂಗಿದಳು. ಬೀದಿಯಲ್ಲಿ ಯಾರ ಮಾತನ್ನೂ ಹಿಂದಕ್ಕೆ ಕೊಡದೆ ಬಿಟ್ಟವಳಲ್ಲ ಅವಳು. ಗಂಡನಿಗೆ ಕೊಟ್ಟ ಒಂದು ಮಾತಿಗಾಗಿ, ಇಲ್ಲದ ಹರ್ನಿಯಾದ ಕಾರಣಕರ್ತಳಾಗಿ, ತುಂಬಿದ ಕೊಡ ಹಿಡಿದು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಳು. ಪಕ್ಕದ ಮನೆಯವರು ಬಾಗಿಲು ಸರಿಸಿ ನೋಡಿದರು.

ಆ ಸಂಜೆ ಅವನು ಮಹಡಿಯ ಬಾಲ್ಕನಿಯಲ್ಲಿ ಕೂತು ಮೆಲ್ಲಗೆ ಹೇಳಿದ, “ಅವರು ಹೇಳಿದ ಹಾಗೇ ಆಯ್ತು ನೋಡು. ಕೈಲಾಗದವನಾಗಿಬಿಟ್ಟೆ.”

“ಯಾರ್ರೀ ಹೇಳಿದವರು?”

“ಆಪರೇಷನ್ ಮಾಡಿಸ್ಕೊಂಡ್ರೆ ಗಂಡಸು ಮೂಲೆಗೆ ಬೀಳ್ತಾನೆ ಅಂತಿದ್ರಲ್ಲ. ಬಿದ್ದೆ.”

ಅವಳಿಗೆ ಮೈಯೆಲ್ಲ ಉರಿಯಿತು. “ನಿಮ್ಮನ್ನ ಮೂಲೆಗೆ ಹಾಕಿದ್ದು ಆಪರೇಷನ್ನಲ್ಲ, ನಿಮ್ಮ ಬಾಯಿ. ಡಾಕ್ಟರು ತೆಗೆದಿದ್ದು ಒಂದು ಚೂರು ನರ. ಮಿಕ್ಕಿದ್ದನ್ನೆಲ್ಲ ನೀವೇ ಕಿತ್ತು ಕೊಟ್ಟಿರಿ. ಮೀಸೆಗೆ ಮಣ್ಣಾಗಬಾರದು ಅಂತ ಹೊರಟು ಮೈಗೆಲ್ಲ ಪುಟ್ಟಿ ಮೆತ್ಕೊಂಡು ಕೂತಿದ್ದೀರಲ್ಲಾ!”

“ನಿಜ ಹೇಳಿದ್ರೆ ನಗ್ತಾರೆ ಕಣೇ.”

“ನಗಲಿ. ಕಿತ್ತಳೆಹಣ್ಣು ತಂದು ಅಳೋದಕ್ಕಿಂತ ಅದು ವಾಸಿ.”

ಅವನು ಮುಖ ತಿರುಗಿಸಿಕೊಂಡ. ಭುಜ ಅಲುಗುತ್ತಿತ್ತು. ಇಸ್ತ್ರಿಯಕ್ಕ ಇನ್ನೂ ಒಂದು ಮಾತು ಎಸೆಯಲು ಬಾಯಿ ತೆರೆದವಳು, ಅದನ್ನು ನೋಡಿ ಬಾಯಿ ಮುಚ್ಚಿದಳು. ಪಕ್ಕದಲ್ಲಿ ಕೂತಳು. ರಸ್ತೆಯ ಕಡೆ ನೋಡುತ್ತಲೇ ಹೇಳಿದಳು.

“ಕಿರಿಯವಳು ಹುಟ್ಟಿದ ಮೇಲೆ ಪ್ರತಿ ತಿಂಗಳೂ ನನಗೆ ಹೆದರಿಕೆ. ನಿಮ್ಮ ಹತ್ತಿರ ಹೇಳಿರಲಿಲ್ಲ. ಒಂದೆರಡು ದಿನ ತಡವಾದರೆ ಸಾಕು, ಈ ಎರಡು ಮಕ್ಕಳ ತಲೆ ಬಾಚೋರು ಯಾರು ಅಂತ ಯೋಚನೆ. ಪರೀಕ್ಷೆ ಒಂದು ಆಗಿಬಿಟ್ಟರೆ ಆ ಹೆದರಿಕೆ ಹೋಗುತ್ತೆ. ಇಷ್ಟು ಮಾಡಿದವನು ಕೈಲಾಗದವನಾದರೆ, ಆ ಕಂಬದ ಕುತ್ತಿಗೆಯವನಿಗೆ ಏನಂತೀರಿ?”

ಅಷ್ಟು ಹೇಳಿದ್ದೇ ಹೆಚ್ಚಾಯಿತೆನಿಸಿ, “ಏಳಿ, ಊಟ ಆರುತ್ತೆ” ಎಂದು ಗದರಿಸಿ ಒಳಗೆ ಹೋದಳು.

ಲಾಂಡ್ರಿಯ ಎದುರಿಗೆ ಹೊಸದೊಂದು ಪೀಠೋಪಕರಣದ ಅಂಗಡಿ ಏಳುತ್ತಿತ್ತು. ಅದರ ಮಹಡಿಗೆ ದೊಡ್ಡ ದೊಡ್ಡ ಗಾಜು ಕೂರಿಸುವ ಕೆಲಸ ಇವರ ಮಳಿಗೆಗೇ ಬಂದಿತ್ತು. ಆ ದಿನದ ಕೆಲಸ ನೋಡಿ ಜೋಡಿ ಖಾಯಂ ಮಾಡುವೆನೆಂದು ಯಜಮಾನರು ಕುರ್ಚಿ ಹಾಕಿಸಿಕೊಂಡು ರಸ್ತೆಯಲ್ಲೇ ಕೂತಿದ್ದರು. ಗಂಡನನ್ನೂ ಕರೆತಂದಿದ್ದರು, ಪುಟ್ಟಿಯ ಡಬ್ಬಿಯ ಸಮೇತ. ಇಸ್ತ್ರಿಯಕ್ಕ ಇಸ್ತ್ರಿಪೆಟ್ಟಿಗೆ ಹಿಡಿದೇ ಎಲ್ಲವನ್ನೂ ನೋಡುತ್ತಿದ್ದಳು.

ಅಂಗಡಿಯ ಮುಂಭಾಗ ಇನ್ನೂ ತೆರೆದಿದ್ದುದರಿಂದ ಮೆಟ್ಟಿಲುಗಳು ರಸ್ತೆಗೇ ಕಾಣುತ್ತಿದ್ದವು. ಸಾವಕಾಶಣ್ಣ ಮೇಲಿನ ತುದಿ ಹಿಡಿದು ಹಿಮ್ಮುಖವಾಗಿ ಹತ್ತುತ್ತಿದ್ದ. ಭಾರವೆಲ್ಲ ಕೆಳಗಿನವನದು. ಮೆಟ್ಟಿಲು ತಿರುಗುವಲ್ಲಿ ಹಲಗೆಯನ್ನು ಓರೆ ಮಾಡಿ, ಒಂದು ಮೂಲೆ ಎತ್ತಿ, ಇನ್ನೊಂದು ಮೂಲೆ ತಗ್ಗಿಸಿ ದಾಟಿಸಬೇಕು. ಅದು ತೋಳಿನ ಕೆಲಸವಲ್ಲ, ಜೋಡಿಯವನ ಉಸಿರು ಕೇಳಿಕೊಂಡು ಮಾಡುವ ಕೆಲಸ. ಕಂಬದ ಕುತ್ತಿಗೆಯವನು ಉಸಿರು ಕೇಳುವವನಲ್ಲ, ನೂಕುವವನು. ಹಲಗೆಯ ಮೂಲೆ ಗೋಡೆಗೆ ತಾಗಿ ಕಿರ್ರೆಂದಿತು.

“ಸಾವಕಾಶ! ನೂಕಬೇಡ! ನೂಕಬೇಡ ಅಂದೆ!” ಎಂಬ ಕೂಗು ರಸ್ತೆಗೆಲ್ಲ ಕೇಳಿಸಿತು.

ಅಲ್ಲೇ ಸಿಕ್ಕಿಕೊಂಡಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು, ಇಳಿಸಲು ಜಾಗವಿಲ್ಲ. ಕೆಳಗಿನವನ ಹಿಡಿತ ಜಾರತೊಡಗಿತು. ಇಸ್ತ್ರಿಯಕ್ಕ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ರಸ್ತೆ ದಾಟಿ ಓಡಿದಳು. ಅವಳು ಮೆಟ್ಟಿಲ ಬುಡ ಸೇರುವಷ್ಟರಲ್ಲಿ ಅವಳ ಗಂಡ ಪುಟ್ಟಿಯ ಕೈಯನ್ನು ಷರಾಯಿಗೆ ಒರೆಸಿಕೊಂಡು ಮೇಲೆ ಹೋಗಿ, ಆ ಭೂಪನನ್ನು ಭುಜದಿಂದ ಬದಿಗೆ ಸರಿಸಿ, ಹಲಗೆಯ ಅಡಿಗೆ ಕೈ ಕೊಟ್ಟಾಗಿತ್ತು.

“ಲೋ, ಬಿಡೋ ನೀನು! ಹೊಟ್ಟೆ ಹರಿದೀತು!” ಎಂದ ಮೇಲಿನಿಂದ ಸಾವಕಾಶಣ್ಣ.

“ಹರಿಯಲ್ಲ. ಹತ್ತು.”

“ಹತ್ತಲ್ಲ. ತಿರುವಿನಲ್ಲಿ ನೀನು ಕುಸಿದ್ರೆ ಇಬ್ಬರೂ ಹೋಗ್ತೀವಿ. ಬೇರೆ ಯಾರನ್ನಾದ್ರೂ ಕರಿ.”

ಗಾಜಿನ ಆಚೆ ಒಂದು ಮುಖ, ಈಚೆ ಒಂದು ಮುಖ. ಯಜಮಾನರು ಕುರ್ಚಿ ಬಿಟ್ಟು ಎದ್ದಿದ್ದರು. ಮಳಿಗೆಯವರು, ಲಾಂಡ್ರಿಯವರು, ದಾರಿಹೋಕರು ಎಲ್ಲರೂ ಕತ್ತೆತ್ತಿ ನಿಂತಿದ್ದರು. ಇಸ್ತ್ರಿಯಕ್ಕ ತನ್ನ ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಒಂದು ಮಾತು ಅವಳು ಕೂಗಿದ್ದರೆ ಮುಗಿಯುತ್ತಿತ್ತು. ಕೂಗಲಿಲ್ಲ.

“ಅಣ್ಣಾ, ನನಗೆ ಹರ್ನಿಯಾ ಆಗಿಲ್ಲ” ಎಂದ ಗಂಡ.

“ಮತ್ತೆ ಆಸ್ಪತ್ರೆಗೆ ಯಾಕೆ ಹೋಗಿದ್ದೆ?”

“ಇನ್ನು ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸ್ಕೊಂಡೆ. ಹೊಟ್ಟೆ ಗಟ್ಟಿ ಇದೆ. ಕೈ ಗಟ್ಟಿ ಇದೆ. ಎಲ್ಲಾ ಇದೆ. ಈಗ ಹತ್ತು.”

ಹಲಗೆ ಕೈಯಲ್ಲಿರುವಾಗ ನಗಬಾರದೆಂಬುದು ಗಾಜು ಹೊರುವವರ ಕಟ್ಟಳೆ. ನಕ್ಕರೆ ಕೈ ಸಡಿಲವಾಗುತ್ತದೆ. ಕೆಳಗಿದ್ದವರು ಕೂಡ ಅಂಗೈಯಿಂದ ಬಾಯಿ ಮುಚ್ಚಿಕೊಂಡರೇ ಹೊರತು ಒಬ್ಬನೂ ನಗಲಿಲ್ಲ. ಸಾವಕಾಶಣ್ಣ ಗಾಜಿನ ಹಿಂದಿನಿಂದ ಅವನ ಮುಖವನ್ನು ದಿಟ್ಟಿಸಿದ. ಆಮೇಲೆ, “ಸಾವಕಾಶ” ಎಂದು ಹಿಂದಕ್ಕೆ ಒಂದು ಮೆಟ್ಟಿಲು ಹತ್ತಿದ. ಇನ್ನೊಂದು ಹತ್ತಿದ. ಹಲಗೆ ಓರೆಯಾಯಿತು, ಮೂಲೆ ಏರಿತು, ತಗ್ಗಿತು, ಗೋಡೆಗೆ ತಾಗದೆ ನೀರಿನಂತೆ ತಿರುವು ದಾಟಿಕೊಂಡು ಹೋಯಿತು.

ಹಲಗೆಯನ್ನು ಚೌಕಟ್ಟಿಗೆ ಒರಗಿಸಿದ ಮೇಲೆ ಗಂಡ ಕಣ್ಣು ಮುಚ್ಚಿ ನಗುವಿಗೆ ಕಾದ. ಇಷ್ಟು ದಿನ ಅವನು ತಪ್ಪಿಸಿಕೊಂಡು ತಿರುಗಿದ್ದು ಅದೊಂದರಿಂದಲೇ. ಬಂದದ್ದು ನಗುವಲ್ಲ.

“ಥೂ ನಿನ್ನ!” ಎಂದ ಸಾವಕಾಶಣ್ಣ. ಮುಖ ಕೆಂಪಗಾಗಿತ್ತು. “ಇಷ್ಟು ವರ್ಷ ನಿನ್ನನ್ನ ನಂಬಿ ಹಿಂದೆ ನೋಡದೆ ಮೆಟ್ಟಿಲು ಹತ್ತಿದ್ದೀನಿ. ನನಗೆ ಹೇಳೋಕೆ ಏನಾಗಿತ್ತೋ ಧಾಡಿ? ನೀನು ಮಾನ ಕಾಪಾಡ್ಕೊಂಡು ಪುಟ್ಟಿ ನಾದ್ತಾ ಕೂತಿರು, ನಾನು ಆ ಕೋಣನ ಜೊತೆ ದಿನಾ ಸತ್ತು ಸತ್ತು ಬರ್ತೀನಿ! ನಿನಗಾಗಿ ಅತ್ತೆನಲ್ಲೋ ನಾನು! ನನ್ನ ಹೆಂಡತಿ ಊಟ ಬಿಟ್ಟಳಲ್ಲೋ! ಹೇಡಿ ಕಣೋ ನೀನು, ಶುದ್ಧ ಹೇಡಿ!”

ಗಂಡ ತಲೆ ತಗ್ಗಿಸಿ ನಿಂತಿದ್ದ. ಹಿಂದೆಯೇ ಹತ್ತಿ ಬಂದಿದ್ದ ಇಸ್ತ್ರಿಯಕ್ಕ ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳಿದಳು. ಒಂದೊಂದು ಮಾತೂ ನ್ಯಾಯವಾದದ್ದೇ. ಬಹುಪಾಲು ಅವಳೇ ಹೇಳಿದ್ದವು. ಹೇಡಿ ಎಂಬ ಪದವನ್ನು ಅವಳು ಮನಸ್ಸಿನಲ್ಲಿ ಎಷ್ಟು ಸಲ ಅಂದುಕೊಂಡಿದ್ದಳೋ! ಆದರೆ ಪರರ ಬಾಯಿಂದ ಅದು ಹೊರಟದ್ದೇ ತಡ, ಅವಳ ಎದೆಯಲ್ಲಿ ಏನೋ ಚುರ್ರೆಂದಿತು.

“ಸಾಕು ನಿಲ್ಲಿಸಣ್ಣಾ!” ಎಂದು ನಡುವೆ ಬಂದು ನಿಂತಳು. “ಹೇಡಿಯಂತೆ! ನಿಮ್ಮ ಮಳಿಗೇಲಿ ಅಷ್ಟು ಮಂದಿ ಮೀಸೆ ಹೊತ್ತವರಿದ್ದೀರಲ್ಲ, ಹೆಂಡತಿ ಜೀವ ಉಳೀಲಿ ಅಂತ ಆ ಬಾಗಿಲೊಳಗೆ ಕಾಲಿಟ್ಟವನು ಇನ್ನೊಬ್ಬ ಇದ್ದಾನಾ? ತೋರಿಸು. ನಡುಗಿದ್ರು, ನರಳಿದ್ರು, ಸುಳ್ಳು ಹೇಳಿದ್ರು. ಆದ್ರೂ ಹೋಗಿ ಬಂದ್ರು. ಇವರನ್ನ ಬೈಯೋಕೆ ನಾನಿದ್ದೀನಿ, ನಿನ್ನ ಸಹಾಯ ಬೇಕಿಲ್ಲ.”

ಗಂಡ ತಲೆ ಎತ್ತಿ, ಕೈಯಲ್ಲಿ ಹಲಗೆಯೂ ಇಲ್ಲದ್ದರಿಂದ, ಮೊದಲು ತಾನೇ ನಕ್ಕುಬಿಟ್ಟ. ಆಮೇಲೆ ಕೆಳಗಿದ್ದವರೆಲ್ಲ ನಕ್ಕರು. ಕತ್ತರಿ ಎಂದೋ ಇನ್ನೇನೋ ಎಂದೋ ಯಾರೋ ಒಂದು ಅಡ್ಡಹೆಸರನ್ನೂ ಕೂಗಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

“ಅಮ್ಮನಿಗೆ ನೀನೇ ಹೇಳಿಬಿಡೇ” ಎಂದು ಹೆಂಡತಿಯ ಕಿವಿಯ ಬಳಿ ಪಿಸುಗುಟ್ಟಿದ.

“ನಾನ್ಯಾಕೆ? ಬಾಯಿ ಈಗ ತಾನೆ ಬಂದಿದೆ ನಿಮಗೆ” ಎಂದಳು ಇಸ್ತ್ರಿಯಕ್ಕ, ಅವನ ಅಂಗಿಯ ತೋಳಿನ ಮೇಲೆ ಅಂಟಿದ್ದ ಪುಟ್ಟಿಯನ್ನು ಉಗುರಿನಿಂದ ಕೆರೆದು ತೆಗೆಯುತ್ತ.

ಕೆಳಗೆ ಇನ್ನೂ ಹಲಗೆಗಳು ಕಾದಿದ್ದವು. ಸಾವಕಾಶಣ್ಣ ಆಗಲೇ ಗೊಣಗುತ್ತ ಅರ್ಧ ಮೆಟ್ಟಿಲು ಇಳಿದಿದ್ದ. “ಬರ್ತೀಯೋ, ಅಲ್ಲೇ ಸಂಸಾರ ಮಾಡ್ಕೊಂಡು ನಿಂತಿರ್ತೀಯೋ?” ಎಂದು ಕೂಗಿದ. ಗಂಡ ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದು ಹೋದ.